ಬೈಂದೂರಿನವಳ ಕುಂದಾಪ್ರ ಕನ್ನಡ

ಹಾಸ್ಟೆಲ್ ಸೇರಿದ ಮೊದಲ ವಾರ. ಫೋನಿನಲ್ಲಿ ಅಮ್ಮನಿಗೆ ‘ನಂಗ್ ಶನಿವಾರ ಊರಿಗ್ ಬರ್ಕ್’ ಎಂದೆ. ಹಾಸನದ ರೂಮ್‌ಮೇಟ್ ನಕ್ಕು, ‘ಇದು ತುಳುನಾ?’ ಎಂದಳು. ‘ಅಲ್ಲ, ಕುಂದಾಪ್ರ ಕನ್ನಡ’ ಎಂದೆ. ಹೇಳಿದ ಮೇಲೆ ನನಗೇ ಅಚ್ಚರಿ. ನಾನು ಬೈಂದೂರಿನವಳು. ಊರಿನಲ್ಲಿದ್ದಾಗ ನಮ್ಮ ಮಾತನ್ನು ಒಮ್ಮೆಯೂ ಆ ಹೆಸರಿನಿಂದ ಕರೆದವಳಲ್ಲ. ಅಂದಿನಿಂದ ಫೋನ್ ಬಂದರೆ ಮೆಟ್ಟಿಲ ಬಳಿ ಹೋಗಿ ಮಾತಾಡತೊಡಗಿದೆ.

ರಜೆಯಲ್ಲಿ ಅಮ್ಮಮ್ಮನನ್ನು ಕೇಳಿದೆ. ‘ಎಂತ ಕುಂದಾಪ್ರವೋ! ಇದ್ ನಮ್ ಮಾತಲ್ದಾ?’ ಎಂದರು.

ಹೆಸರಿಗೆ ಕಾರಣ ಹಳೆಯ ತಾಲ್ಲೂಕು. ಬೈಂದೂರು ಈಚಿನವರೆಗೂ ಕುಂದಾಪುರ ತಾಲ್ಲೂಕಿನಲ್ಲೇ ಇತ್ತು. 1862ರಲ್ಲಿ ಬ್ರಿಟಿಷರು ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗ ಕುಂದಾಪುರ ಮಾತ್ರ ಮದ್ರಾಸಿನಲ್ಲಿ, ತುಳುನಾಡಿನ ಜೊತೆ ಉಳಿಯಿತು. ತುಳುವಿನ ಮಗ್ಗುಲಲ್ಲಿ ನಿಂತ ಈ ಕನ್ನಡಕ್ಕೆ ಗುರುತಿನ ಹೆಸರು ಬೇಕಾಗಿದ್ದಿರಬೇಕು. ಊರಿನ ಹೆಸರನ್ನು ಕುಂದೇಶ್ವರ ದೇವಸ್ಥಾನದೊಂದಿಗೆ ಜೋಡಿಸಿ ಹೇಳುತ್ತಾರೆ. ಆದರೆ ‘ಪುರ’ವನ್ನು ‘ಪ್ರ’ ಮಾಡಿದ್ದು ನಮ್ಮ ನಾಲಿಗೆ. ಬರಬೇಕು ‘ಬರ್ಕ್’, ಹೋಗಬೇಕು ‘ಹೋಯ್ಕ್’, ಬರುತ್ತೇನೆ ‘ಬತ್ತೆ’. ಪದವನ್ನು ಮೊಟಕು ಮಾಡುವ ನಮ್ಮ ಅಭ್ಯಾಸ ಹೆಸರಿನಲ್ಲೇ ಇದೆ!

ಬ್ರಹ್ಮಾವರದ ಗೆಳತಿಯ ಮನೆಮಾತಿಗೂ ನಮ್ಮದಕ್ಕೂ ಅಲ್ಪಸ್ವಲ್ಪ ವ್ಯತ್ಯಾಸವಿದೆ. ಅವರ ಕಡೆ ‘ಕೋಟ ಕನ್ನಡ’ ಎನ್ನುವವರಿದ್ದಾರೆ; ‘ಕುಂದಗನ್ನಡ’ ಎನ್ನುವವರೂ ಇದ್ದಾರೆ.

ಪಾಕಿಸ್ತಾನದ ಸರಾಯ್ಕಿ ಭಾಷೆಯ ಕಥೆಯೂ ಹೀಗೆಯೇ. ಮುಲ್ತಾನದವರು ಮುಲ್ತಾನಿ, ಬಹಾವಲ್ಪುರದವರು ರಿಯಾಸತಿ ಎನ್ನುತ್ತಿದ್ದರು. 1960ರ ದಶಕದಲ್ಲಿ ಎಲ್ಲಕ್ಕೂ ಸರಾಯ್ಕಿ ಎಂಬ ಒಂದೇ ಹೆಸರನ್ನು ಒಪ್ಪಿಕೊಂಡರು. ಆ ಹೆಸರಿನ ಮೂಲ ಸಿಂಧಿಯ ‘ಸಿರೊ’, ಅಂದರೆ ಉತ್ತರ ದಿಕ್ಕು, ಎಂಬ ಅಭಿಪ್ರಾಯವಿದೆ. ಹಾಗಿದ್ದರೆ ಅದು ನೆರೆಯವರು ಇಟ್ಟ ಹೆಸರು. ಆದರೂ ಅದರಡಿ ಅವರು ಒಂದಾದರು.

ನಮ್ಮಲ್ಲೂ 2019ರಿಂದ ಆಸಾಡಿ ಅಮಾಸಿಯಂದು ವಿಶ್ವ ಕುಂದಾಪ್ರ ಕನ್ನಡ ದಿನ ನಡೆಯುತ್ತಿದೆ. ಪಂಜು ಗಂಗೊಳ್ಳಿಯವರು ಸಂಪಾದಿಸಿದ ನಿಘಂಟೂ ಇದೆ. ವೈದೇಹಿಯವರ ಕಥೆಗಳಲ್ಲಂತೂ ಈ ಮಾತು ಎಂದೋ ಅಚ್ಚಾಗಿದೆ.

ಅಮ್ಮಮ್ಮನಿಗೆ ಹೆಸರು ಬೇಕಿರಲಿಲ್ಲ, ಸುತ್ತಲಿನವರೆಲ್ಲ ಅದೇ ಮಾತಿನವರು. ಊರು ಬಿಟ್ಟ ನನಗೆ ಬೇಕು. ಆದರೆ ಹೆಸರೊಂದೇ ಉಳಿದು ‘ಬರ್ಕ್’, ‘ಹೋಯ್ಕ್’ ನನ್ನ ಬಾಯಿಂದಲೇ ಹೋಗಿಬಿಟ್ಟರೆ ಆ ಹೆಸರಿನಿಂದೇನು ಪ್ರಯೋಜನ?

ಈಗ ಅಮ್ಮನ ಫೋನ್ ಬಂದರೆ ಮೆಟ್ಟಿಲ ಬಳಿ ಹೋಗುವುದಿಲ್ಲ. ರೂಮಿನಲ್ಲೇ ಮಾತಾಡುತ್ತೇನೆ. ಮೊನ್ನೆ ಹಾಸನದ ಗೆಳತಿ ಮೆಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತು ಕೇಳಿದಳು: ‘ಏಯ್, ಊಟಕ್ಕೆ ಹೋಯ್ಕಲ್ವಾ?’