ತಿಪ್ಪೆಯಲ್ಲಿ ನಷ್ಟವಾಗುವ ಗೊಬ್ಬರವನ್ನು ಗುಂಡಿಯಲ್ಲಿ ಉಳಿಸುವ ಕ್ರಮ

ಬೆಳೆಯು ಭೂಮಿಯಿಂದ ತೆಗೆದುಕೊಂಡ ಸಾರವನ್ನು ಪುನಃ ಭೂಮಿಗೆ ಸೇರಿಸದಿದ್ದರೆ ಜಮೀನು ವರ್ಷದಿಂದ ವರ್ಷಕ್ಕೆ ನಿಸ್ಸಾರವಾಗುವುದೆಂಬುದು ಬೇಸಾಯಗಾರರೆಲ್ಲರೂ ಬಲ್ಲ ವಿಷಯ. ಆದರೆ ಮನೆಯಲ್ಲಿಯೇ ದೊರೆಯುವ ಗೊಬ್ಬರದ ಸತ್ತ್ವದಲ್ಲಿ ಬಹು ಭಾಗವು ಹೊಲವನ್ನು ಸೇರುವ ಮೊದಲೇ ಹಾಳಾಗುತ್ತಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಈ ನಷ್ಟವು ಯಾವ ದಾರಿಯಲ್ಲಿ ಆಗುವುದು, ಹೆಚ್ಚು ಖರ್ಚಿಲ್ಲದೆ ಅದನ್ನು ತಡೆಯುವುದು ಹೇಗೆ ಎಂಬುದನ್ನು ಈ ಕರಪತ್ರದಲ್ಲಿ ವಿವರಿಸಿದೆ.

ಮೈಸೂರು ನಗರದ ವಾಯವ್ಯ ಭಾಗದಲ್ಲಿ, ಒಂಟಿಕೊಪ್ಪಲು ಮತ್ತು ಕುಂಬಾರಕೊಪ್ಪಲುಗಳ ನೆರೆಯಲ್ಲಿ, ಗೋಕುಲಂ ಎಂಬ ಬಡಾವಣೆ ಇದೆ. ಗೋಕುಲವೆಂದರೆ ದನಗಳ ಹಿಂಡು ಎಂದರ್ಥ. ಆದರೆ ಈಗ ಅಲ್ಲಿನ ಹೆಚ್ಚಿನ ಮನೆಗಳಲ್ಲಿ ದನವಿಲ್ಲ, ಹಿತ್ತಿಲೂ ಚಿಕ್ಕದು. ಅಂಥ ಮನೆಯಲ್ಲಿಯೂ ತರಕಾರಿ ಸಿಪ್ಪೆ, ಬಾಳೆಯೆಲೆ, ದೇವರ ಹೂವು, ಕಾಫಿಯ ಚರಟ, ಮರಗಳಿಂದ ಉದುರಿದ ಎಲೆ ಇವುಗಳನ್ನು ಬೇರೆಯಾಗಿ ಕೂಡಿಹಾಕಿ ಕೊಳೆಯಿಸಿದರೆ ಹೂವಿನ ಗಿಡಗಳಿಗೂ ತೆಂಗಿನ ಮರಕ್ಕೂ ಒಳ್ಳೆಯ ಗೊಬ್ಬರವಾಗುವುದು. ನೆರೆಯ ಕುಂಬಾರಕೊಪ್ಪಲಿನಲ್ಲಿ ಮನೆಗಳ ಕಸವನ್ನು ವಿಂಗಡಿಸಿ ಗೊಬ್ಬರ ಮಾಡುವ ಘಟಕವೊಂದು ಸ್ಥಾಪಿತವಾಯಿತು. ೨೦೧೬ರ ಸ್ವಚ್ಛತಾ ಸಮೀಕ್ಷೆಯಲ್ಲಿ ದೇಶದ ೭೩ ನಗರಗಳ ಪೈಕಿ ಮೈಸೂರಿಗೆ ಮೊದಲನೆಯ ಸ್ಥಾನ ದೊರೆಯಿತು. ದನವಿಲ್ಲದ ಪಟ್ಟಣದ ಮನೆಯಲ್ಲಿಯೇ ಗೊಬ್ಬರ ಮಾಡಬಹುದಾದರೆ, ದನಕರುಗಳಿರುವ ಹಳ್ಳಿಯ ಮನೆಯಲ್ಲಿ ಅದು ಎಷ್ಟರಮಟ್ಟಿಗೆ ಸಾಧ್ಯವೆಂಬುದನ್ನು ಜಮೀನುದಾರರು ಯೋಚಿಸತಕ್ಕದ್ದು.

ಗೊಬ್ಬರದ ಸತ್ತ್ವವು ಹೋಗುವ ದಾರಿಗಳು

ಪೈರಿಗೆ ಮುಖ್ಯವಾಗಿ ಬೇಕಾದ ಆಹಾರಗಳು ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಎಂಬ ಮೂರು. ಇವುಗಳಲ್ಲಿ ಬೇಗ ಕೈಬಿಟ್ಟು ಹೋಗುವುದು ಸಾರಜನಕ. ಅದು ಹೋಗುವ ದಾರಿಗಳು ನಾಲ್ಕು.

ಮೊದಲನೆಯದು, ಕೊಟ್ಟಿಗೆಯ ನೆಲ. ಗಂಜಲವು ನೆಲದಲ್ಲಿ ಇಂಗಿ ಅಥವಾ ಚರಂಡಿಗೆ ಹರಿದು ಹೋಗುವುದು. ಎರಡನೆಯದು, ಗಾಳಿ. ಬೆಳಗಿನ ಹೊತ್ತು ಕೊಟ್ಟಿಗೆಯನ್ನು ಹೊಕ್ಕೊಡನೆ ಮೂಗಿಗೆ ಹತ್ತುವ ಘಾಟು ಬೇರೇನೂ ಅಲ್ಲ. ಗಂಜಲದ ಸಾರಜನಕವೇ ಅಮೋನಿಯವೆಂಬ ಅನಿಲವಾಗಿ ಹಾರಿಹೋಗುತ್ತಿರುವುದು. ಮೂರನೆಯದು, ಮಳೆ. ಬಯಲಿನಲ್ಲಿ ರಾಶಿ ಹಾಕಿದ ತಿಪ್ಪೆಯಿಂದ ಮಳೆಗಾಲದಲ್ಲಿ ಹರಿಯುವ ಕಪ್ಪು ನೀರಿನೊಡನೆ ಕರಗುವ ಸತ್ತ್ವವೆಲ್ಲ ಹೊರಟುಹೋಗುವುದು. ನಾಲ್ಕನೆಯದು, ಒಲೆ. ಸಗಣಿಯನ್ನು ಬೆರಣಿ ತಟ್ಟಿ ಉರಿಸಿದರೆ ಪೊಟ್ಯಾಷ್ ಮತ್ತು ರಂಜಕಗಳು ಬೂದಿಯಲ್ಲಿ ಉಳಿಯುವುವು; ಸಾರಜನಕವೂ, ಮಣ್ಣನ್ನು ಮೆದುವಾಗಿ ಇಡುವ ಸಸ್ಯಾಂಶವೂ ಹೊಗೆಯಾಗಿ ಹೋಗುವುವು.

ಗಂಜಲದ ಬೆಲೆ

ಸಗಣಿಗೆ ಇರುವ ಗೌರವ ಗಂಜಲಕ್ಕೆ ಇಲ್ಲ. ಆದರೆ ಹಸಿ ಸಗಣಿಯಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲಿಗಿಂತ ಕಡಮೆ ಇದ್ದರೆ, ಗಂಜಲದಲ್ಲಿ ಸುಮಾರು ಒಂದು ಪಾಲಿನಷ್ಟು ಇರುವುದು. ಪೊಟ್ಯಾಷ್ ಅಂಶವೂ ಗಂಜಲದಲ್ಲಿಯೇ ಹೆಚ್ಚು. ಬೆಳೆದ ದನವೊಂದಕ್ಕೆ ದಿನಕ್ಕೆ ೫ ಲೀಟರ್ ಎಂದು ಕಡಮೆಯಾಗಿಯೇ ಲೆಕ್ಕ ಹಿಡಿದರೂ, ವರ್ಷಕ್ಕೆ ೧,೮೨೫ ಲೀಟರ್ ಗಂಜಲವಾಗುವುದು. ಅದರಲ್ಲಿ ಸುಮಾರು ೧೮ ಕಿಲೋಗ್ರಾಂ ಸಾರಜನಕವಿರುವುದು; ಎಂದರೆ ಸುಮಾರು ೪೦ ಕಿಲೋಗ್ರಾಂ ಯೂರಿಯದಲ್ಲಿರುವಷ್ಟು. ಮಳೆಯಾಶ್ರಯದ ರಾಗಿಗೆ ಎಕರೆಗೆ ೨೦ ಕಿಲೋಗ್ರಾಂ ಸಾರಜನಕ ಸಾಕೆಂದು ಶಿಫಾರಸು ಇದೆ. ಇದರಲ್ಲಿ ಅರ್ಧವನ್ನು ಮಾತ್ರ ಹಿಡಿದಿಟ್ಟರೂ ಲಾಭವು ಅಲ್ಪವಲ್ಲ. ಅಂಗಡಿಯಿಂದ ಚೀಲ ಹೊತ್ತು ತರುವ ಜಮೀನುದಾರನು ತನ್ನ ಕೊಟ್ಟಿಗೆಯ ಚರಂಡಿಯಲ್ಲಿ ಹರಿದು ಹೋಗುವುದನ್ನು ಒಮ್ಮೆ ನೋಡತಕ್ಕದ್ದು.

ಇದನ್ನು ಹಿಡಿಯುವ ಕ್ರಮ ಸುಲಭ. ಕೊಟ್ಟಿಗೆಯ ನೆಲದ ಮೇಲೆ ಅರ್ಧ ಅಡಿ ದಪ್ಪಕ್ಕೆ ಒಣಗಿದ ಮೆದು ಮಣ್ಣನ್ನು ಅಥವಾ ಒಣ ಕೆರೆಗೋಡನ್ನು ಹರಡಿ, ಅದರ ಮೇಲೆ ದನ ತಿಂದು ಬಿಟ್ಟ ಹುಲ್ಲು, ಹೊಟ್ಟು, ತರಗೆಲೆಗಳನ್ನು ಹಾಸಬೇಕು. ಹಾಸನ್ನು ಪ್ರತಿದಿನ ಬೆಳಿಗ್ಗೆ ಸಗಣಿಯೊಡನೆ ತೆಗೆದು ಗುಂಡಿಗೆ ಹಾಕಬೇಕು. ನೆನೆದ ಮಣ್ಣನ್ನು ಆಗಾಗ್ಗೆ ಕೆದಕಿ, ಚೆನ್ನಾಗಿ ತೋಯ್ದ ಮೇಲೆ ಅದನ್ನೂ ತೆಗೆದು ಗುಂಡಿಗೆ ಸೇರಿಸಿ ಹೊಸ ಮಣ್ಣು ಹರಡಬೇಕು. ನೆಲವು ಒಣಗಿದ್ದರೆ ದನಗಳ ಗೊರಸಿಗೂ ಕೆಚ್ಚಲಿಗೂ ಹಿತ.

ಗುಂಡಿಯ ಕ್ರಮ

ಕಸದಿಂದ ಗೊಬ್ಬರ ಮಾಡುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆ ಮೀಸಲಾದ ಭಾಗವಿದೆ. ಈಚಿನ ಕಾಲದಲ್ಲಿ ಆಲ್ಬರ್ಟ್ ಹೋವರ್ಡ್ ಎಂಬವರು ೧೯೨೪ರಿಂದ ೧೯೩೧ರ ವರೆಗೆ ಇಂದೂರಿನಲ್ಲಿದ್ದು, ರಾಶಿಯನ್ನು ಮೇಲಿಂದ ಮೇಲೆ ತಿರುವಿಹಾಕಿ ಕೆಲವೇ ತಿಂಗಳಲ್ಲಿ ಗೊಬ್ಬರ ಪಡೆಯುವ ಇಂದೂರು ಪದ್ಧತಿಯನ್ನು ರೂಪಿಸಿದರು. ೧೯೩೯ರ ಸುಮಾರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ತಿರುವಿಹಾಕುವ ಶ್ರಮವಿಲ್ಲದ ಬೆಂಗಳೂರು ಪದ್ಧತಿಯನ್ನು ಕಂಡುಹಿಡಿದರು. ಅದು ಮೂಲತಃ ಪಟ್ಟಣದ ಕಸ ಮತ್ತು ಮಲವನ್ನು ಕುರಿತದ್ದು. ಮಲವನ್ನು ಕೈಯಿಂದ ಹೊರುವುದು ೨೦೧೩ರ ಕಾಯಿದೆಯ ಮೇರೆಗೆ ನಿಷಿದ್ಧವಾಗಿದೆ. ಹಳ್ಳಿಯ ಗುಂಡಿಗೆ ಸಗಣಿಯ ಬಗ್ಗಡವೇ ಸಾಕು. ಆಳು ಮತ್ತು ನೀರು ಕಡಮೆ ಇರುವ ಕಡೆ ಈ ಪದ್ಧತಿಯೇ ಅನುಕೂಲ.

ನೀರು ನಿಲ್ಲದ ಎತ್ತರದ ಜಾಗದಲ್ಲಿ, ಬಾವಿಯಿಂದ ದೂರವಾಗಿ, ಸಾಧ್ಯವಾದರೆ ಮರದ ನೆರಳಿನಲ್ಲಿ, ೬ ಅಡಿ ಅಗಲ, ೩ ಅಡಿ ಆಳದ ಗುಂಡಿ ತೆಗೆಯಬೇಕು. ಉದ್ದವು ದನಗಳ ಸಂಖ್ಯೆಗೆ ತಕ್ಕಂತೆ ೧೦ ರಿಂದ ೨೦ ಅಡಿ ಇರಬಹುದು. ಮಳೆಯ ನೀರು ಒಳಗೆ ನುಗ್ಗದಂತೆ ಸುತ್ತಲೂ ಬದು ಹಾಕಬೇಕು.

ಗುಂಡಿಯನ್ನು ಒಟ್ಟಿಗೆ ತುಂಬದೆ, ಒಂದು ತುದಿಯಿಂದ ನಾಲ್ಕು ನಾಲ್ಕು ಅಡಿಯಂತೆ ತುಂಬುತ್ತ ಬರಬೇಕು. ಮೊದಲು ಕಸಕಡ್ಡಿ, ಎಲೆ, ಹುಲ್ಲುಗಳನ್ನು ಮುಕ್ಕಾಲು ಅಡಿ ಹರಡಿ, ಅದರ ಮೇಲೆ ಸಗಣಿಯ ಬಗ್ಗಡವನ್ನೂ ಗಂಜಲದ ಮಣ್ಣನ್ನೂ ಎರಡು ಅಂಗುಲ ಹಾಕಬೇಕು. ತೊಗರಿ ಕಡ್ಡಿಯಂಥ ಗಡುಸಾದವುಗಳನ್ನು ತುಂಡು ಮಾಡಿ, ದನ ತುಳಿಯುವಂತೆ ಕೊಟ್ಟಿಗೆಯಲ್ಲಿ ಹರಡಿ ಆಮೇಲೆ ಹಾಕುವುದು ಒಳ್ಳೆಯದು. ತೇವವು ಸಾಕಾಗಿದೆಯೇ ಎಂಬುದಕ್ಕೆ ಒಂದು ಪರೀಕ್ಷೆ ಉಂಟು: ಒಂದು ಹಿಡಿ ಕಸವನ್ನು ಹಿಸುಕಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಈ ರೀತಿ ಪದರದ ಮೇಲೆ ಪದರವಾಗಿ ನೆಲದಿಂದ ಒಂದೂವರೆ ಅಡಿ ಮೇಲಕ್ಕೆ ಬರುವ ವರೆಗೆ ತುಂಬತಕ್ಕದ್ದು.

ತುಂಬಿದ ಭಾಗವನ್ನು ಎಂಟು ಹತ್ತು ದಿನ ಹಾಗೆಯೇ ಬಿಟ್ಟರೆ ಒಳಗೆ ಕಾವೇರುವುದು. ನಾಲ್ಕೈದು ದಿನದ ಮೇಲೆ ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿಟ್ಟು ತೆಗೆದು ಮುಟ್ಟಿ ನೋಡಿದರೆ ಇದು ತಿಳಿಯುವುದು. ಈ ಕಾವಿನಿಂದಲೇ ಕಳೆಯ ಬೀಜಗಳೂ ರೋಗದ ಕ್ರಿಮಿಗಳೂ ಬಹುಮಟ್ಟಿಗೆ ನಾಶವಾಗುವುದು. ಸಲಾಕೆ ತಣ್ಣಗಿದ್ದರೆ ತೇವವಾಗಲಿ ಸಗಣಿಯಾಗಲಿ ಸಾಲದೆಂದು ತಿಳಿದು ಸರಿಪಡಿಸಬೇಕು. ಕಾವೇರಿ ಕುಸಿದ ಮೇಲೆ ಕೆಸರಿಗೆ ಸಗಣಿ ಕಲಸಿ ಒಂದು ಅಂಗುಲ ದಪ್ಪಕ್ಕೆ ಮೆತ್ತಿ ಮುಚ್ಚತಕ್ಕದ್ದು. ಬಿರುಕು ಬಿಟ್ಟಲ್ಲಿ ಪುನಃ ಮೆತ್ತಬೇಕು. ಹೀಗೆ ಮುಚ್ಚುವುದರಿಂದ ಸಾರಜನಕವೂ ತೇವವೂ ಒಳಗೇ ಉಳಿಯುವುವು. ನೊಣದ ಕಾಟವೂ ತಪ್ಪುವುದು. ಆರರಿಂದ ಎಂಟು ತಿಂಗಳಲ್ಲಿ ಗೊಬ್ಬರವು ಪಕ್ವವಾಗುವುದು. ಎಲೆಯೋ ಕಡ್ಡಿಯೋ ಎಂದು ಗುರುತು ಸಿಕ್ಕದೆ, ಕಪ್ಪಾಗಿ ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಅದು ಸಿದ್ಧವಾಯಿತೆಂದು ತಿಳಿಯಬೇಕು. ನವೆಂಬರಿನಲ್ಲಿ ಮುಚ್ಚಿದ ಗುಂಡಿಯು ಮುಂಗಾರಿನ ರಾಗಿಯ ಬಿತ್ತನೆಗೆ ಒದಗುವುದು. ಒಂದು ಪಕ್ವವಾಗುತ್ತಿರುವಾಗ ತುಂಬುವುದಕ್ಕೆ ಎರಡನೆಯ ಗುಂಡಿ ಅವಶ್ಯಕ.

ಸೇರಿಸತಕ್ಕವು ಮತ್ತು ಸೇರಿಸಬಾರದವು

ಅಡಿಗೆಮನೆಯ ಸಿಪ್ಪೆ, ಎಂಜಲೆಲೆ, ಮನೆ ಗುಡಿಸಿದ ಕಸ, ಹೂವು ಬಿಡುವುದಕ್ಕೆ ಮೊದಲೇ ಕಿತ್ತ ಕಳೆ, ಬದುವಿನ ಹೊಂಗೆಯ ಸೊಪ್ಪು ಇವೆಲ್ಲವೂ ಯೋಗ್ಯ. ಗಾಜು, ಪ್ಲಾಸ್ಟಿಕ್ಕು, ಎಣ್ಣೆ, ಉಪ್ಪಿನಕಾಯಿಯ ಶೇಷ ಇವುಗಳನ್ನು ಹಾಕಕೂಡದು. ಬೂದಿ ಮತ್ತು ಸುಣ್ಣಗಳನ್ನು ಗಂಜಲದೊಡನೆ ಸೇರಿಸಿದರೆ ಸಾರಜನಕವು ಬೇಗ ಹಾರಿಹೋಗುವುದರಿಂದ, ಬೂದಿಯನ್ನು ಬೇರೆ ಒಣಗಿಟ್ಟು ನೇರವಾಗಿ ಹೊಲಕ್ಕೆ ಎರಚತಕ್ಕದ್ದು. ಹೊಂಗೆ ಹಿಂಡಿಯಲ್ಲಿ ನೂರಕ್ಕೆ ನಾಲ್ಕು ಪಾಲು, ಬೇವಿನ ಹಿಂಡಿಯಲ್ಲಿ ಐದು ಪಾಲಿನಷ್ಟು ಸಾರಜನಕವಿರುವುದು. ಅವನ್ನು ಪುಡಿಮಾಡಿ ತೋಟದ ಗಿಡಗಳ ಬುಡಕ್ಕೆ ಕೊಡುವುದು ಮೇಲು. ತರಕಾರಿಯ ಮಡಿಗಳಿಗೆ ಗಂಜಲವನ್ನು ಹತ್ತರಷ್ಟು ನೀರು ಬೆರಸಿ ಬುಡಕ್ಕೆ ಹಾಕಬಹುದು. ನೀರು ಬೆರಸದೆ ಹಾಕಿದರೆ ಎಳೆಯ ಗಿಡವು ಸುಟ್ಟುಹೋಗುವುದು.

ಹೊಲಕ್ಕೆ ಹಾಕುವ ಕ್ರಮ

ಮಳೆಯಾಶ್ರಯದ ರಾಗಿಗೆ ಎಕರೆಗೆ ಸುಮಾರು ೩ ಟನ್ ಗೊಬ್ಬರ ಬೇಕು. ಗೊಬ್ಬರವನ್ನು ಹೊಲದಲ್ಲಿ ಗುಪ್ಪೆ ಗುಪ್ಪೆಯಾಗಿ ಸುರಿದು ವಾರಗಟ್ಟಲೆ ಬಿಸಿಲಿಗೆ ಬಿಡುವ ವಾಡಿಕೆ ಕೆಟ್ಟದ್ದು. ಎಂಟು ತಿಂಗಳು ಕಾಪಾಡಿದ್ದನ್ನು ಎಂಟು ದಿನದಲ್ಲಿ ಕಳೆದುಕೊಂಡಂತಾಗುವುದು. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸತಕ್ಕದ್ದು.

ಈ ಗೊಬ್ಬರವೊಂದರಿಂದಲೇ ನೀರಾವರಿಯ ಭತ್ತ, ಕಬ್ಬುಗಳ ಅಗತ್ಯವೆಲ್ಲ ತೀರುವುದೆಂದು ಹೇಳಲಾಗದು. ಅಂಥ ಬೆಳೆಗಳಿಗೆ ಸೆಣಬು ಮುಂತಾದ ಹಸುರು ಗೊಬ್ಬರವನ್ನು ಬೆಳೆದು ಉಳುವುದು, ಮಣ್ಣು ಪರೀಕ್ಷೆ ಮಾಡಿಸಿ ಕೊರತೆ ಇದ್ದಷ್ಟನ್ನು ಮಾತ್ರ ಚೀಲದ ಗೊಬ್ಬರದಿಂದ ತುಂಬುವುದು ಉಚಿತ.

ಗ್ರಾಮದ ಮುಖಂಡರು ಮಾಡಬೇಕಾದ್ದು

ಹೇಳಿದ್ದಕ್ಕಿಂತ ಕಂಡದ್ದನ್ನು ರೈತನು ಬೇಗ ನಂಬುವನು. ಆದ್ದರಿಂದ ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯ ಹಿತ್ತಿಲಲ್ಲಿ ಒಂದು ಗುಂಡಿಯನ್ನು ಮೇಲೆ ಹೇಳಿದ ಕ್ರಮದಲ್ಲಿ ತುಂಬಿಸಬೇಕು. ಮುಂದಿನ ಮುಂಗಾರಿನಲ್ಲಿ ದಾರಿಯ ಪಕ್ಕದ ಒಂದೇ ಹೊಲವನ್ನು ಎರಡು ಸಮಭಾಗ ಮಾಡಿ, ಒಂದಕ್ಕೆ ತಿಪ್ಪೆಯ ಗೊಬ್ಬರವನ್ನೂ ಇನ್ನೊಂದಕ್ಕೆ ಅಷ್ಟೇ ಗಾಡಿ ಗುಂಡಿಯ ಗೊಬ್ಬರವನ್ನೂ ಹಾಕಿ, ಒಂದೇ ದಿನ ಒಂದೇ ಬೀಜವನ್ನು ಬಿತ್ತಿಸಬೇಕು. ಸುಗ್ಗಿಯಲ್ಲಿ ಎರಡು ಭಾಗಗಳ ರಾಗಿಯನ್ನೂ ಹುಲ್ಲನ್ನೂ ಊರಿನವರೆದುರಿಗೆ ಬೇರೆ ಬೇರೆ ತೂಗಿಸಿ, ಬಂದ ಲೆಕ್ಕವನ್ನು ಎಲ್ಲರಿಗೂ ತಿಳಿಯುವಂತೆ ಬರೆದಿಡತಕ್ಕದ್ದು. ಗುಂಡಿ ತೆಗೆಯಬೇಕೋ ಬೇಡವೋ ಎಂಬುದನ್ನು ಊರಿನವರು ಆ ಲೆಕ್ಕವನ್ನು ನೋಡಿ ತಾವೇ ತೀರ್ಮಾನಿಸಿಕೊಳ್ಳುವರು.