ಖೋಲಿ, ಖಾನಾವಳಿ, ಕಾಟ್: ದುಡಿಯುವ ಗಂಡಸಿಗೆ ಸೂರು ಕೊಟ್ಟವರಾರು?

ಇಚಲಕರಂಜಿ: 'ಕಾಟ್ ಬೇಸಿಸ್' ಎಂಬ ಬೋರ್ಡು ಗಡಿಭಾಗದವರಿಗೆ ಹೊಸದೇನಲ್ಲ. ಬಾಡಿಗೆಗೆ ಸಿಗುವುದು ಖೋಲಿಯಲ್ಲ, ಖೋಲಿಯೊಳಗಿನ ಒಂದು ಮಂಚ ಮಾತ್ರ. ಊಟಕ್ಕೆ ಹತ್ತಿರದಲ್ಲೇ ಖಾನಾವಳಿ. ಮರಾಠಿಯವರ ಬಾಯಲ್ಲಿ ಅದೇ 'ಖಾಣಾವಳ'. ಊರು ಬಿಟ್ಟು ದುಡಿಯಲು ಬಂದ ಒಂಟಿ ಗಂಡಸಿನ ಸಂಸಾರ ಇಷ್ಟರಲ್ಲೇ ಮುಗಿಯಿತು.

ವಸತಿಗೃಹ ಎಂದರೆ ಮೊದಲು ನೆನಪಾಗುವುದು ಕೊಲ್ಹಾಪುರ. ಛತ್ರಪತಿ ಶಾಹು ಮಹಾರಾಜರ ಕಾಲದಲ್ಲಿ 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಶುರುವಾಯಿತು. ಮುಂದೆ ಜೈನ, ಮುಸ್ಲಿಂ, ಲಿಂಗಾಯತ ಬೋರ್ಡಿಂಗ್‌ಗಳು ಬಂದವು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ತೆರೆಯಿತು. ಇವೆಲ್ಲ ಓದುವ ಹುಡುಗರಿಗೆ. 1906ರಲ್ಲಿ ಅದೇ ಮಹಾರಾಜರು ಶಾಹು ಮಿಲ್ಲಿಗೆ ಅಡಿಗಲ್ಲು ಹಾಕಿದರು. ದುಡಿಯುವವನ ಹೆಸರಿನ ಬೋರ್ಡಿಂಗ್ ಮಾತ್ರ ಈ ಪ್ರಸಿದ್ಧ ಪಟ್ಟಿಯಲ್ಲಿ ಕಾಣುವುದಿಲ್ಲ.

ಆ ಹೊತ್ತಿಗೆ ಲಂಡನ್ನಿನಲ್ಲಿ ಇಂಥ ಪ್ರಯೋಗವೊಂದು ನಡೆದಿತ್ತು. ಲಾರ್ಡ್ ರೌಟನ್ ಎಂಬವರು 1892ರಲ್ಲಿ ವಾಕ್ಸ್‌ಹಾಲ್ ಬಡಾವಣೆಯಲ್ಲಿ ಕೂಲಿಕಾರರಿಗಾಗಿ ದೊಡ್ಡ ವಸತಿಗೃಹ ತೆರೆದರು. ರಾತ್ರಿಗೆ ಆರು ಪೆನ್ನಿ. ಪ್ರತಿಯೊಬ್ಬನಿಗೂ ಬೇರೆ ಗೂಡು, ಶುಭ್ರ ಹಾಸಿಗೆ, ಸ್ನಾನದ ಮನೆ. ಧರ್ಮಛತ್ರವಲ್ಲ, ಲಾಭಕ್ಕೇ ನಡೆಸಿದ ಕಂಪನಿ. ಆದರೆ ಹಗಲಲ್ಲಿ ಮಲಗುವ ಗೂಡಿಗೆ ಪ್ರವೇಶವಿರಲಿಲ್ಲ. ರಾತ್ರಿ ಪಾಳಿಯವನು ಎಲ್ಲಿ ಮಲಗಬೇಕು?

ಆ ಪ್ರಶ್ನೆಗೆ ನಮ್ಮ ಕಡೆಯವರು ಉತ್ತರ ಕಂಡುಕೊಂಡಿದ್ದು ಮುಂಬೈಯ ಗಿರಣಗಾಂವದಲ್ಲಿ. ಗಡಹಿಂಗ್ಲಜ, ಆಜರಾ, ಚಂದಗಡ ತಾಲೂಕುಗಳಿಂದ ಗಿರಣಿ ಕೆಲಸಕ್ಕೆ ಹೋದವರು ಊರಿನವರೆಲ್ಲ ಸೇರಿ ಚಾಳಿನಲ್ಲಿ ಒಂದು ಖೋಲಿ ಹಿಡಿಯುತ್ತಿದ್ದರು. ಬಾಡಿಗೆ ರಸೀದಿ ಒಬ್ಬನ ಹೆಸರಲ್ಲಿ, ಬಾಡಿಗೆ ಎಲ್ಲರ ಪಾಲು. ಗೋಡೆಗುಂಟ ತಗಡಿನ ಟ್ರಂಕು, ಮೇಲೆ ಗೂಟಕ್ಕೆ ನೇತುಬಿದ್ದ ಅಂಗಿಗಳು. ಹಗಲು ಪಾಳಿಯವನು ಎದ್ದು ಹೋದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗುವನು. ಜಾಗ ಸಾಲದಿದ್ದರೆ ವರಾಂಡ, ಅದೂ ಸಾಲದಿದ್ದರೆ ಫುಟ್‌ಪಾತು. ಊರಿಂದ ಹೊಸ ಹುಡುಗ ಬಂದರೆ ಕೆಲಸ ಸಿಗುವ ತನಕ ಅವನೂ ಅಲ್ಲೇ. ಗೋವಾದವರು ಧೋಬಿ ತಲಾವ್ ಕಡೆ ಊರೂರಿನ ಹೆಸರಲ್ಲಿ 'ಕೂಡ್' ನಡೆಸುತ್ತಿದ್ದುದೂ ಇದೇ ಲೆಕ್ಕದಲ್ಲಿ.

ವರಳಿ, ನಾಯಗಾಂವ, ಡಿಲೈಲ್ ರೋಡ್, ಶಿವಡಿಗಳಲ್ಲಿ ಸರಕಾರವೇ 1920ರ ದಶಕದಲ್ಲಿ 207 ಬಿಡಿಡಿ ಚಾಳುಗಳನ್ನು ಕಟ್ಟಿಸಿದ್ದುಂಟು. ಒಂದು ಖೋಲಿ 160 ಚದರಡಿ. ಅಂಥದ್ದನ್ನೂ ಹಾಸ್ಟೆಲ್ ಮಾಡಿಕೊಂಡವರು ಹಳ್ಳಿಯವರೇ.

ಇನ್ನು ಊಟ. ಗಿರಣಿಯವರಿಗೆ ಉದ್ರಿ ಲೆಕ್ಕದಲ್ಲಿ ತಿಂಗಳಿಡೀ ಬಡಿಸಿ ಪಗಾರದ ದಿನ ಹಣ ಪಡೆಯುತ್ತಿದ್ದವರು ಖಾನಾವಳಿಯ ಹೆಂಗಸರು. ನಡುವೆ ಇವರೇ ಸಾಹುಕಾರನ ಬಡ್ಡಿಗೆ ಸಿಕ್ಕಿಬೀಳುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ್ ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳ ಇಂಥವರಿಗೆ ಬ್ಯಾಂಕ್ ಸಾಲ ಕೊಡಿಸಿತು. ಖೋಲಿಯ ಬಾಡಿಗೆಯ ಲೆಕ್ಕ ಎಲ್ಲರೂ ಹೇಳುತ್ತಾರೆ. ಈ ಹೆಂಗಸರ ಉದ್ರಿಯ ಲೆಕ್ಕ ಹೇಳುವವರು ಕಡಿಮೆ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಶುರುವಾಯಿತು. ಆಮೇಲೆ ಎಷ್ಟೋ ಮಂದಿ ಟ್ರಂಕು ಹೊತ್ತು ಊರಿಗೆ ಮರಳಿದರು. ಉಳಿದ ಪ್ರಶ್ನೆ ರಸೀದಿಯದು. ಬಿಡಿಡಿ ಚಾಳಿನ ಖೋಲಿಗೆ ಬದಲಾಗಿ 500 ಚದರಡಿ ಫ್ಲ್ಯಾಟ್ ಸಿಗುತ್ತಿದೆ. 2025ರ ಆಗಸ್ಟ್‌ನಲ್ಲಿ ವರಳಿಯಲ್ಲಿ ಮೊದಲ ಕೀಲಿಕೈ ಹಂಚಿದ್ದಾಯಿತು. ಫ್ಲ್ಯಾಟ್ ಬರುವುದು ದಾಖಲೆಯಲ್ಲಿ ಹೆಸರಿದ್ದವನಿಗೆ, ಹಾಸಿಗೆ ಹಂಚಿಕೊಂಡ ಉಳಿದವರಿಗಲ್ಲ.

ಮುಂಬೈ ಗಿರಣಿ ನಿಂತರೂ ನೇಯ್ಗೆ ನಿಲ್ಲಲಿಲ್ಲ, ಪವರ್‌ಲೂಮ್ ಊರುಗಳು ಬೆಳೆದವು. 1904ರಲ್ಲಿ ವಿಠ್ಠಲರಾವ್ ದಾತಾರ್ ಮೊದಲ ಪವರ್‌ಲೂಮ್ ಹಾಕಿದ ಇಚಲಕರಂಜಿ ಅವುಗಳಲ್ಲಿ ಒಂದು. ಇಲ್ಲಿ ಒಂದೇ ದೊಡ್ಡ ಗಿರಣಿಯಿಲ್ಲ. ಗಲ್ಲಿಗಲ್ಲಿಗೆ ಶೆಡ್, ಕೆಲವೇ ಮಗ್ಗಗಳ ಸಣ್ಣ ಮಾಲೀಕರು. ಹಾಗಾಗಿ ಕಾರ್ಮಿಕರಿಗೆ ಮನೆ ಕಟ್ಟುವ ಜವಾಬ್ದಾರಿ ಯಾರ ತಲೆಯ ಮೇಲೂ ಬೀಳಲಿಲ್ಲ. ಹನ್ನೆರಡು ತಾಸಿನ ಪಾಳಿ, ನೇಯ್ದ ಬಟ್ಟೆಯ ಮೇಲೆ ಕೂಲಿ. ಬಿಹಾರ, ಉತ್ತರ ಪ್ರದೇಶ, ಒಡಿಶಾ, ನಮ್ಮ ಉತ್ತರ ಕರ್ನಾಟಕದವರು ಕಾಟ್ ಹಿಡಿದರು. ಕೆಲವರು ಶೆಡ್ಡಿನಲ್ಲೇ ಮಲಗಿದರು.

2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಮಗ್ಗ, ಖಾನಾವಳಿ ಎರಡೂ ಮುಚ್ಚಿದವು. ಕಾಟ್ ಇದ್ದರೂ ಊಟವಿಲ್ಲ, ಊರಿಗೆ ಹೊರಟರೆ ಕೊಗನೋಳಿ ನಾಕಾ ಬಂದ್.

ಕಾನೂನು ಇರಲಿಲ್ಲವೆಂದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ವಸತಿ ಕೊಡಿ ಎಂದಿತ್ತು, ಆದರೆ ಗುತ್ತಿಗೆದಾರ ಕರೆತಂದವರಿಗೆ ಮಾತ್ರ. ಸದಲಗಾ, ಬೋರಗಾಂವದಿಂದ ತಾನಾಗಿಯೇ ಬಸ್ ಹತ್ತಿ ಬಂದವನು ಆ ಲೆಕ್ಕಕ್ಕೆ ಬರಲಿಲ್ಲ. 2020ರ ಜುಲೈಯಲ್ಲಿ ಕೇಂದ್ರ ಸರಕಾರ ವಲಸಿಗರಿಗೆ ಅಗ್ಗದ ಬಾಡಿಗೆ ವಸತಿ ಯೋಜನೆ ಸಾರಿತು. 2024ರ ಬಜೆಟ್‌ನಲ್ಲಿ ಕೈಗಾರಿಕಾ ಕಾರ್ಮಿಕರಿಗೆ ಡಾರ್ಮಿಟರಿ ಮಾದರಿಯ ಬಾಡಿಗೆ ವಸತಿಯನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವ ಮಾತು ಬಂತು. ದೊಡ್ಡ ಕಾರ್ಖಾನೆಯಿದ್ದಲ್ಲಿ ಇದು ಸುಲಭ. ಗಲ್ಲಿಯ ಶೆಡ್ಡುಗಳ ಊರಲ್ಲಿ ಜಾಗ ಕೊಡುವವರು ಯಾರು, ಪಾಲು ಹಾಕುವವರು ಯಾರು ಎಂಬುದನ್ನು 2022ರಲ್ಲಿ ಮಹಾನಗರಪಾಲಿಕೆಯಾದ ಇಚಲಕರಂಜಿಯೇ ಮೊದಲು ತೀರ್ಮಾನಿಸಬೇಕು.