ಎದೆಗೆ ಬಲ ತುಂಬುವ ‘ಎನ್‌ಕರೇಜ್’

ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ನಮ್ಮಲ್ಲಿ ಹಲವರ ಬಾಯಿಗೆ ಬರುವ ವಾಕ್ಯ: ‘ಮೈ ಫಾದರ್ ಎನ್‌ಕರೇಜ್ಡ್ ಮಿ ಫಾರ್ ಜಾಯಿನಿಂಗ್ ಬಿ.ಕಾಂ.’ ‘ಸೇರೋದಕ್ಕೆ’ ಎನ್ನುವ ನಮ್ಮ ‘ಕ್ಕೆ’ ಅಲ್ಲಿ ‘ಫಾರ್’ ಆಗಿ ಕೂತಿದೆ. ಇಂಗ್ಲಿಷಿಗೆ ಬೇಕಿರುವುದು ‘ಟು’: ‘ಎನ್‌ಕರೇಜ್ಡ್ ಮಿ ಟು ಜಾಯಿನ್’. ವಿರುದ್ಧ ಪದ ‘ಡಿಸ್ಕರೇಜ್’ಗೆ ಬೇರೆಯೇ ನಿಯಮ; ‘ಡಿಸ್ಕರೇಜ್ಡ್ ಮಿ ಫ್ರಮ್ ಜಾಯಿನಿಂಗ್’ ಎನ್ನಬೇಕು. ಹುರಿದುಂಬಿಸಲು ಒಂದು ದಾರಿ, ಉತ್ಸಾಹ ಕೆಡಿಸಲು ಇನ್ನೊಂದು! ಉಚ್ಚಾರದಲ್ಲೂ ನಾವು ‘ರೇ’ ಎಳೆಯುತ್ತೇವೆ. ಅವರ ಒತ್ತು ‘ಕ’ ಮೇಲೆ. ಕೊನೆಯದು ‘ರಿಜ್’ ಎಂದು ಚುಟುಕಾಗಿ ಮುಗಿಯುತ್ತದೆ.

ನನಗೆ ಇಷ್ಟವಾದದ್ದು ಈ ಪದದ ಹುಟ್ಟು. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಇದರ ಬೇರು ಲ್ಯಾಟಿನ್ನಿನ ‘ಕೋರ್’, ಅಂದರೆ ಹೃದಯ. ಧೈರ್ಯ ಇರುವುದು ಎದೆಯಲ್ಲಿ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೇವೆ. ಎದೆಗಾರಿಕೆ, ಎದೆಗುಂದು ಎಂಬ ಪದಗಳೇ ಸಾಕ್ಷಿ. ಹಾಗಾಗಿ ‘ಪ್ರೋತ್ಸಾಹಿಸು’ ಎಂಬ ನಿಘಂಟಿನ ಅರ್ಥಕ್ಕಿಂತ ‘ಧೈರ್ಯ ತುಂಬು’ ಎನ್ನುವುದೇ ಹತ್ತಿರ ಅನಿಸುತ್ತದೆ.

‘ಮೋಟಿವೇಟ್’ ಜತೆ ಇದನ್ನು ಕಲಸಿಬಿಡುತ್ತೇವೆ. ಅದು ‘ಮೋಟಾರ್’ ಕುಟುಂಬದ ಪದ. ಚಲನೆ ಅದರ ಮೂಲ. ಓದಲು ಮನಸ್ಸೇ ಇಲ್ಲದವನನ್ನು ಮೋಟಿವೇಟ್ ಮಾಡಬೇಕು. ಮನಸ್ಸಿದ್ದೂ ಅಂಜುತ್ತಿರುವವನಿಗೆ ಎನ್‌ಕರೇಜ್ ಸಾಕು.

ಎಲ್ಲ ಕಡೆಯೂ ಇದು ಒಳ್ಳೆಯ ಮಾತೇ ಆಗಿರಬೇಕಿಲ್ಲ. ನಿಂತ ನೀರು ಸೊಳ್ಳೆಗಳನ್ನು ‘ಎನ್‌ಕರೇಜ್’ ಮಾಡುತ್ತದೆ. ಸಪ್ಪೆ ಜೋಕು ಹೇಳುವ ಗೆಳೆಯನಿಗೆ ಯಾರಾದರೂ ನಕ್ಕರೆ, ‘ಡೋಂಟ್ ಎನ್‌ಕರೇಜ್ ಹಿಮ್’ ಎನ್ನುತ್ತಾರೆ. ನಕ್ಕರೆ ಇನ್ನೊಂದು ಜೋಕು ಗ್ಯಾರಂಟಿ.

ಉದ್ಯೋಗ ಹುಡುಕುವವರು ಈ ಪದವನ್ನು ಸರಿಯಾಗಿ ಓದಬೇಕಾದದ್ದು ಜಾಹೀರಾತಿನಲ್ಲಿ. ‘ವಿಮೆನ್ ಆರ್ ಎನ್‌ಕರೇಜ್ಡ್ ಟು ಅಪ್ಲೈ’ ಎಂದಿದ್ದರೆ ಅಷ್ಟರಿಂದಲೇ ಮೀಸಲಾತಿ ಇದೆ ಎಂದಾಗಲೀ, ವಯಸ್ಸು–ಅಂಕಗಳಲ್ಲಿ ಸಡಿಲಿಕೆ ಇದೆ ಎಂದಾಗಲೀ ಅಲ್ಲ. ಅವೆಲ್ಲ ಇದ್ದರೆ ಬೇರೆಯಾಗಿ ಬರೆದಿರುತ್ತಾರೆ. ಹಾಗಂತ ಬರೀ ಅಲಂಕಾರದ ಸಾಲು ಎಂದು ದಾಟಿ ಹೋಗುವುದೂ ಬೇಡ. ಅರ್ಹತೆಯೆಲ್ಲ ಇದ್ದೂ ‘ನಮಗೆಲ್ಲಿ ಸಿಗುತ್ತೆ ಬಿಡು’ ಎಂದು ಅರ್ಜಿಯನ್ನೇ ಹಾಕದ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಎಷ್ಟಿಲ್ಲ? ಆ ಸಾಲು ಬರೆದಿರುವುದು ಅವರಿಗೇ. ಅರ್ಜಿಯ ಕೊನೆಯ ದಿನಾಂಕವನ್ನೂ ನೋಡಿಕೊಳ್ಳಿ.